ಪುಟ್ಟಣ್ಣನವರ ಚಿತ್ರಗಳಿಗೆ ನಮ್ಮ ಸೀಮೆ ಕೊಟ್ಟ ಸ್ಥಾನ: ಸಾಲು ಸಾಲಿಗೆ ಒಂದು ವ್ಯಾಖ್ಯಾನ

ಹುಲಿಕುಂಟೆ ಕಡೆಯ ಪುಟ್ಟಣ್ಣ ಕಣಗಾಲ್ ಅಭಿಮಾನಿಗಳು ಕೂತು, ಜಗಳವಾಡಿ, ಕೊನೆಗೆ ಒಪ್ಪಿ ಬರೆದ ಪಟ್ಟಿ ಇದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನವರು ಇದರಲ್ಲಿದ್ದಾರೆ. ಹೆಚ್ಚಿನವರು ಐವತ್ತು ದಾಟಿದ ಗಂಡಸರು. ಟೆಂಟಿನಲ್ಲಿ ನೆಲಕ್ಕೆ ಕೂತು ಸಿನಿಮಾ ನೋಡಿದವರು, ಆಮೇಲೆ ಭಾನುವಾರ ಸಂಜೆಯ ದೂರದರ್ಶನಕ್ಕಾಗಿ ಕರೆಂಟ್ ಹೋಗದಿರಲಿ ಎಂದು ಕಾದವರು. ಕೈಬರಹ ಒಬ್ಬರದು, ಮಾತು ಹಲವರದು. ಪ್ರತಿ ಚಿತ್ರದ ಮುಂದೆ ಒಂದು ಅರ್ಧ ವಾಕ್ಯ ಬರೆದಿದ್ದಾರೆ. ಯಾವ ಚಿತ್ರ ಎಷ್ಟನೆಯದು ಎನ್ನುವುದಕ್ಕಿಂತ ಆ ಅರ್ಧ ವಾಕ್ಯಗಳೇ ನನಗೆ ಮುಖ್ಯ ಅನ್ನಿಸಿದವು. ಗಮಕಿ ಒಂದು ಪದ್ಯ ಓದಿ ನಿಲ್ಲಿಸಿದಾಗ ವ್ಯಾಖ್ಯಾನಕಾರ ಅದನ್ನು ಬಿಡಿಸಿ ಹೇಳುವ ಕ್ರಮ ನಮ್ಮಲ್ಲಿ ಹಳೆಯದು. ಇಲ್ಲಿಯೂ ಅದೇ ಕ್ರಮ.

“ಪುಟ್ಟಣ್ಣನೋರ ಪಿಚ್ಚರ್‌ಗಳು. ನಮ್ಮ ಲೆಕ್ಕದಾಗೆ.”

ಇದು ತಲೆಬರಹ. ಮೊದಲು ಬಂದಿರುವುದು ನಿರ್ದೇಶಕನ ಹೆಸರು. ಅಣ್ಣಾವ್ರ ಪಿಚ್ಚರ್, ವಿಷ್ಣು ಪಿಚ್ಚರ್, ಅಂಬರೀಶ್ ಪಿಚ್ಚರ್ ಎಂದು ನಟನ ಹೆಸರಿನಿಂದಲೇ ಸಿನಿಮಾ ಗುರುತಿಸುವ ಊರುಗಳಲ್ಲಿ ತೆರೆಯ ಹಿಂದೆ ನಿಂತವನ ಹೆಸರು ಹೇಳಿ ಪಟ್ಟಿ ಮಾಡುವುದು ಸಣ್ಣ ಸಂಗತಿಯಲ್ಲ. ಆ ಗೌರವ ಅವರು ದುಡಿದು ಗಳಿಸಿದ್ದು. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ 1933ರಲ್ಲಿ ಹುಟ್ಟಿ, ಬಿ.ಆರ್. ಪಂತುಲು ಅವರ ಕೈಕೆಳಗೆ ಕೆಲಸ ಕಲಿತು, 1964ರಲ್ಲಿ ಮಲಯಾಳದ ‘ಸ್ಕೂಲ್ ಮಾಸ್ಟರ್’ ನಿರ್ದೇಶಿಸಿ, ‘ಬೆಳ್ಳಿಮೋಡ’ದಿಂದ ಕನ್ನಡಕ್ಕೆ ಬಂದವರು. 1985ರ ಜೂನ್‌ನಲ್ಲಿ ತೀರಿಕೊಂಡಾಗ ಅವರಿಗಿನ್ನೂ 51. ಅಷ್ಟರೊಳಗೆ ಕನ್ನಡದಲ್ಲೇ 20ಕ್ಕೂ ಹೆಚ್ಚು ಚಿತ್ರ ಮಾಡಿದ್ದರು. ಅವುಗಳಲ್ಲಿ ಬಹುಪಾಲು ಕನ್ನಡದ ಕಾದಂಬರಿಗಳಿಂದ ಎತ್ತಿದ ಕಥೆಗಳು.

“ಒಂದು: ನಾಗರಹಾವು. ಇದ್ರಾಗೆ ವಾದ ಇಲ್ಲ.”

ವಾದ ಇಲ್ಲದಿರುವುದಕ್ಕೆ ಸಿನಿಮಾದಷ್ಟೇ ನೆಲವೂ ಕಾರಣ. ನಮ್ಮದು ಕೋಟೆಗಳ ಸೀಮೆ. ಮಧುಗಿರಿಯಲ್ಲಿ ಒಂದೇ ಕಲ್ಲಿನ ಬೆಟ್ಟದ ಮೇಲೆ ಕೋಟೆ, ಮಿಡಿಗೇಶಿಯಲ್ಲಿ ಕೋಟೆ, ಕೊರಟಗೆರೆ ಕಡೆ ಚನ್ನರಾಯನದುರ್ಗ, ಪಾವಗಡದಲ್ಲಿ ಊರ ಬೆನ್ನಿಗೇ ದುರ್ಗ, ಅದೇ ತಾಲ್ಲೂಕಿನಲ್ಲಿ ನಿಡಗಲ್ಲು. ಶಾಲೆಗೆ ಚಕ್ಕರ್ ಹೊಡೆದು ಬಂಡೆ ಹತ್ತಿದ ಹುಡುಗರು ಇಲ್ಲಿ ಮನೆಗೊಬ್ಬರು. ಹಾಗಿರುವಾಗ ದುರ್ಗದ ಬಂಡೆಗಳ ಮೇಲೆ ಓಡಾಡುವ ರಾಮಾಚಾರಿ ಇವರಿಗೆ ತೆರೆಯ ಮೇಲಿನ ಹೀರೋ ಅನ್ನಿಸುವುದೇ ಇಲ್ಲ. ಪಕ್ಕದ ಬೀದಿಯ ಹುಡುಗ. ಶಿರಾದಿಂದ ಹಿರಿಯೂರು ದಾಟಿದರೆ ಚಿತ್ರದುರ್ಗ. ಬಯಲುಸೀಮೆಯ ಬಿಸಿಲು ಮತ್ತು ಕಲ್ಲು ಸುಂದರ ಎಂದು ಬಯಲುಸೀಮೆಯವರಿಗೇ ತೋರಿಸಿಕೊಟ್ಟ ಚಿತ್ರ ಇದು. ಆ ಋಣ ದೊಡ್ಡದು.

1972ರ ಈ ಚಿತ್ರಕ್ಕೆ ತ.ರಾ.ಸು. ಅವರ ಮೂರು ಕಾದಂಬರಿಗಳು ಆಧಾರ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಸಂಪತ್‌ಕುಮಾರ್ ಎಂಬ ತರುಣ ವಿಷ್ಣುವರ್ಧನ್ ಆದದ್ದು, ಜಲೀಲನಾಗಿ ಅಂಬರೀಶ್ ಮೊದಲ ಸಲ ತೆರೆಗೆ ಬಂದದ್ದು ಇದರಲ್ಲೇ. ಮೂರು ಕಾದಂಬರಿಯ ಸರಕನ್ನು ಒಂದೇ ಚಿತ್ರಕ್ಕೆ ತುಂಬಿದ್ದರಿಂದ ಮೂಲದ ಬಿಗಿ ಸಡಿಲವಾಯಿತು ಎಂಬ ದೂರು ಆಗಲೇ ಇತ್ತು. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತು ಎಂದು ತ.ರಾ.ಸು. ನೊಂದುಕೊಂಡ ಸಂಗತಿ ಎಲ್ಲರಿಗೂ ಗೊತ್ತು. ಜನ ಮಾತ್ರ ಚಿತ್ರವನ್ನು ಎದೆಗೆ ಹಚ್ಚಿಕೊಂಡರು. 1974ರಲ್ಲಿ ಪುಟ್ಟಣ್ಣನವರೇ ರಿಷಿ ಕಪೂರ್ ಅವರನ್ನು ಹಾಕಿಕೊಂಡು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಮಾಡಿದರು. ತೆಲುಗಿನಲ್ಲಿ ಶೋಭನ್ ಬಾಬು ಅವರ ‘ಕೋಡೆ ನಾಗು’ ಬಂತು. ಪಾವಗಡಕ್ಕೆ ಮೂರು ದಿಕ್ಕಿಗೂ ಆಂಧ್ರ. ಆ ಕಡೆಯ ಹಿರಿಯರಿಗೆ ಎರಡೂ ಗೊತ್ತು, ಎರಡನ್ನೂ ತೂಗಿ ನೋಡಿಯೇ ಅವರು ಕನ್ನಡದ್ದಕ್ಕೆ ಕೈ ಎತ್ತಿದ್ದು. 2018ರ ಜುಲೈನಲ್ಲಿ ಚಿತ್ರವನ್ನು ಹೊಸದಾಗಿ ಸಂಸ್ಕರಿಸಿ ಬಿಡುಗಡೆ ಮಾಡಿದಾಗ ಹುಟ್ಟುವ ಮೊದಲಿನ ಚಿತ್ರಕ್ಕೆ ಕಾಲೇಜು ಹುಡುಗರೂ ಸಾಲು ನಿಂತರು.

ಇಷ್ಟೆಲ್ಲ ಒಪ್ಪಿಯೂ ಈ ಸಾಲಿನ ಬಗ್ಗೆ ನನ್ನದೊಂದು ಮಾತಿದೆ. ಪಟ್ಟಿ ಬರೆದವರು ಈ ಚಿತ್ರದಲ್ಲಿ ನೆನೆಯುವುದು ರಾಮಾಚಾರಿಯನ್ನು, ಚಾಮಯ್ಯ ಮೇಷ್ಟ್ರನ್ನು. ಕೆ.ಎಸ್. ಅಶ್ವಥ್ ಅವರ ಚಾಮಯ್ಯ ನಮ್ಮ ಎಷ್ಟೋ ಊರುಗಳಲ್ಲಿ ಮೇಷ್ಟ್ರು ಎಂಬುದಕ್ಕೆ ಅಳತೆಗೋಲೇ ಆಗಿಬಿಟ್ಟಿದ್ದಾರೆ. ಆದರೆ ಅದೇ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಜಾತಿ ಅಡ್ಡ ಬಂತು, ಗುರು ಹೇಳಿದರು, ಶಿಷ್ಯ ತ್ಯಾಗ ಮಾಡಿದ. ಇಬ್ಬರೂ ದೊಡ್ಡವರಾದರು. ಅಲಮೇಲು ಏನಾದಳು? ಮನೆಯವರು ನೋಡಿ ಕಟ್ಟಿಕೊಟ್ಟ ಗಂಡನೇ ಅವಳನ್ನು ಮಾರಿದ. ಮುಂದೆ ರಾಮಾಚಾರಿಗೆ ಅವಳು ಸಿಗುವುದು ದೊಡ್ಡ ಹೋಟೆಲಿನಲ್ಲಿ, ಮೈ ಮಾರಿ ಬದುಕುವವಳಾಗಿ. ಅಲಮೇಲುವಾಗಿ ಆರತಿ ಆ ದೃಶ್ಯದಲ್ಲಿ ಹೆಚ್ಚು ಅಳುವುದಿಲ್ಲ. ನಡೆದದ್ದನ್ನು ಲೆಕ್ಕ ಒಪ್ಪಿಸುವವರ ಹಾಗೆ ಹೇಳುತ್ತಾರೆ. ಇಡೀ ಚಿತ್ರ ಮೇಲೆತ್ತಿ ಹಿಡಿದ ಗುರುಭಕ್ತಿ, ತ್ಯಾಗ, ಮಾತಿನ ನಿಷ್ಠೆ, ಎಲ್ಲದರ ಬೆಲೆ ಯಾರು ತೆತ್ತರು ಎಂಬುದು ಆ ಒಂದು ಕೋಣೆಯಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ. ಇದೇ ಚಿತ್ರದಲ್ಲಿ ಒಬ್ಬ ಹೆಂಗಸು ಗೆಲ್ಲುತ್ತಾಳೆ: ಒನಕೆ ಓಬವ್ವ. ಜಯಂತಿಯವರು ಒನಕೆ ಎತ್ತಿ ನಿಂತ ಆ ನಿಲುವನ್ನು ನೋಡಿದವರು ಮರೆತಿಲ್ಲ. ಆದರೆ ಓಬವ್ವ ಬರುವುದು ಹಾಡಿನಲ್ಲಿ, ಹಳೆಯ ಕಾಲದ ಕಥೆಯಾಗಿ. ಕಥೆ ನಡೆಯುವ ಕಾಲದ ಹೆಣ್ಣಿಗೆ ಒನಕೆ ಇಲ್ಲ, ಕೋಟೆಯೂ ಇಲ್ಲ. ಪುಟ್ಟಣ್ಣ ಇವೆರಡನ್ನೂ ಒಂದೇ ಚಿತ್ರದೊಳಗೆ ಇಟ್ಟರು. ‘ನಾಗರಹಾವು’ ಮೊದಲಿಗೆ ಬರಲಿ, ಅಡ್ಡಿಯಿಲ್ಲ. ಬರುವುದಾದರೆ ಅಲಮೇಲುವಿನ ಕಾರಣಕ್ಕೂ ಬರಬೇಕು.

“ಎರಡು: ಶರಪಂಜರ. ಒಂದೇ ಸಲ ನೋಡಿದ್ದು. ಇನ್ನೊಂದು ಸಲ ಆಗಲ್ಲ.”

ಇಡೀ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಾಮಾಣಿಕ ಅನ್ನಿಸಿದ ಸಾಲು ಇದು. ‘ನಾಗರಹಾವು’ ಹತ್ತಾರು ಸಲ ನೋಡಿದವರು ಶರಪಂಜರವನ್ನು ಒಂದೇ ಸಲ ನೋಡಿ, ಆಗಲ್ಲ ಎಂದು ಎದ್ದರು. ಆದರೂ ಎರಡನೆಯ ಸ್ಥಾನ ಕೊಟ್ಟರು. ಒಮ್ಮೆ ನೋಡಿ ಹದಿನೈದು ಇಪ್ಪತ್ತು ವರ್ಷವಾದರೂ ಮನಸ್ಸಿನಿಂದ ಇಳಿಯದ ಚಿತ್ರಕ್ಕೆ ಬೇರೆ ಸರ್ಟಿಫಿಕೇಟ್ ಬೇಕಿಲ್ಲ.

ತ್ರಿವೇಣಿಯವರ ಕಾದಂಬರಿ. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಹೋದ ಆಕೆ ಮನಶ್ಶಾಸ್ತ್ರ ಓದಿದವರು. 1971ರ ಈ ಚಿತ್ರ ನೋಡಲು ಇರಲಿಲ್ಲ. ಕಾವೇರಿ ಎಂಬ ಗೃಹಿಣಿಗೆ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ನಮ್ಮ ಕಡೆ ಇದಕ್ಕೆ ಬಾಣಂತಿ ಸನ್ನಿ ಎನ್ನುತ್ತಾರೆ. ಗಾಳಿ ಸೋಕಿತು ಎಂದು ದೇವರ ಮುಂದೆ ಕೂರಿಸಿದ, ಯಂತ್ರ ಕಟ್ಟಿಸಿದ ಮನೆಗಳು ಪ್ರತಿ ಊರಲ್ಲೂ ಇದ್ದವು. ವೈದ್ಯರ ಲೆಕ್ಕದಲ್ಲಿ ಸಾವಿರ ಹೆರಿಗೆಗೆ ಒಂದೋ ಎರಡೋ ಬಾಣಂತಿಯರಿಗೆ ಬರುವ, ಬೇಗ ಗುರುತಿಸಿದರೆ ಗುಣವಾಗುವ ಕಾಯಿಲೆ ಇದು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಂಡು ನೋಡುವ ಪ್ರತ್ಯೇಕ ವಾರ್ಡೇ ಇದೆ.

ಕಾವೇರಿಯೂ ಗುಣವಾಗುತ್ತಾಳೆ. ಚಿತ್ರದ ಭಯಂಕರ ಭಾಗ ಶುರುವಾಗುವುದೇ ಅಲ್ಲಿಂದ. ಆಸ್ಪತ್ರೆಯಿಂದ ಮನೆಗೆ ಬಂದವಳನ್ನು ಯಾರೂ ಗುಣವಾದವಳೆಂದು ನೋಡುವುದಿಲ್ಲ. ಕಾವೇರಿಯಾದ ಕಲ್ಪನಾ ಅವರ ಮುಖವನ್ನು ಇಲ್ಲಿ ಹತ್ತಿರದಿಂದ ಗಮನಿಸಬೇಕು. ನಗು ಬಂದಾಗ ನಗಬಹುದೇ ಎಂದು ಒಂದು ಕ್ಷಣ ತಡೆದು ಸುತ್ತ ನೋಡುತ್ತಾರೆ. ನಕ್ಕರೆ ಮತ್ತೆ ಶುರುವಾಯಿತು ಅನ್ನುತ್ತಾರೆ, ಅತ್ತರೆ ಮತ್ತೆ ಶುರುವಾಯಿತು ಅನ್ನುತ್ತಾರೆ, ಸುಮ್ಮನಿದ್ದರೆ ಏನೋ ಯೋಚಿಸುತ್ತಿದ್ದಾಳೆ ಅನ್ನುತ್ತಾರೆ. ಕಾಯಿಲೆ ಬಿಟ್ಟರೂ ಕಾಯಿಲೆಯ ಹೆಸರು ಬಿಡುವುದಿಲ್ಲ. ಗಂಡ ಬೇರೊಬ್ಬಳ ಸಂಗದಲ್ಲಿದ್ದಾನೆಂದು ತಿಳಿದ ದಿನ ಅವಳು ಮತ್ತೆ ಕುಸಿಯುತ್ತಾಳೆ, ಈ ಸಲ ಮೇಲೇಳುವುದಿಲ್ಲ. ರೋಗ ಕಾವೇರಿಯಲ್ಲಿತ್ತೋ ಅವಳ ಸುತ್ತ ಇದ್ದವರಲ್ಲಿತ್ತೋ ಎಂಬ ಪ್ರಶ್ನೆ ನೋಡುವವನ ಮೇಲೆಯೇ ಬೀಳುತ್ತದೆ. ಇನ್ನೊಂದು ಸಲ ಆಗಲ್ಲ ಎಂದ ಗಂಡಸು ಆ ಪ್ರಶ್ನೆಯನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾನೆ. ನನ್ನ ಲೆಕ್ಕದಲ್ಲಿ ಇದೇ ಮೊದಲನೆಯದು. ಕನ್ನಡದಲ್ಲಿ ಒಂದು ಕಾಯಿಲೆಯ ಬಗ್ಗೆ, ಅದನ್ನು ಅನುಭವಿಸಿದವಳ ಪಕ್ಕದಲ್ಲೇ ನಿಂತು ಮಾತಾಡಿದ ಇಷ್ಟು ದಿಟ್ಟ ಚಿತ್ರ ಅದಕ್ಕೂ ಮೊದಲು ನಾನು ಕಂಡಿಲ್ಲ.

“ಮೂರು: ಪಡುವಾರಳ್ಳಿ ಪಾಂಡವರು. ನಮ್ಮೂರ ಕಥೆ ಇದ್ದಂಗೈತೆ.”

1978ರ ಚಿತ್ರ. ಊರನ್ನೇ ಮುಷ್ಟಿಯಲ್ಲಿಟ್ಟುಕೊಂಡ ಧಣಿಯ ವಿರುದ್ಧ ಐವರು ಯುವಕರು ನಿಲ್ಲುತ್ತಾರೆ. ಅದಕ್ಕೆ ಹಿಂದಿನ ‘ಫಲಿತಾಂಶ’, ‘ಕಾಲೇಜು ರಂಗ’ ಎರಡೂ ಸೋತಿದ್ದವು. ಈ ಚಿತ್ರ ಪುಟ್ಟಣ್ಣನವರನ್ನು ಮತ್ತೆ ನಿಲ್ಲಿಸಿತು. ಮಳೆ ಕೈಕೊಟ್ಟ ವರ್ಷ ಸಾಲ, ಸಾಲಕ್ಕೆ ಹೊಲ, ಹೊಲ ಹೋದ ಮೇಲೆ ಬೆಂಗಳೂರಿನ ಬಸ್ಸು ಎಂಬ ದಾರಿಯನ್ನು ನಮ್ಮ ನಾಲ್ಕೂ ತಾಲ್ಲೂಕಿನ ಮನೆಗಳು ಕಂಡಿವೆ. ನಮ್ಮೂರ ಕಥೆ ಎಂದದ್ದು ಸರಿಯಾದ ಮಾತೇ. ಮೂರನೆಯ ಸ್ಥಾನಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅದಕ್ಕೆ ಕಾರಣ ಮುಂದಿನ ಸಾಲಿನಲ್ಲಿದೆ.

“ನಾಕು: ರಂಗನಾಯಕಿ. ಹೆಂಗಸರು ಮ್ಯಾಲೆ ಹಾಕಿ ಅಂದ್ರು.”

ಹೆಂಗಸರು ಹೇಳಿದ್ದನ್ನು ಬರೆದುಕೊಂಡಿದ್ದಾರೆ, ಆದರೆ ಮೇಲೆ ಹಾಕಿಲ್ಲ. ಮುಚ್ಚಿಡದೆ ಬರೆದುಕೊಂಡದ್ದಕ್ಕೆ ಅವರನ್ನು ಮೆಚ್ಚುತ್ತೇನೆ. ಯಾರ ಮಾತು ನಡೆಯಿತು, ಯಾರದು ನಡೆಯಲಿಲ್ಲ ಎಂಬ ದಾಖಲೆ ಇದರಿಂದ ಉಳಿಯಿತು. ಈ ಸಾಲಿನಲ್ಲಿ ನಾನು ಪೂರ್ತಿ ಹೆಂಗಸರ ಕಡೆ.

ಅಶ್ವತ್ಥ ಅವರ ಕಾದಂಬರಿಯಿಂದ 1981ರಲ್ಲಿ ಮಾಡಿದ ಚಿತ್ರ. ನಾಟಕ ಕಂಪನಿಯಲ್ಲಿ ಬೆಳೆದ ನಟಿ ಮದುವೆಯಾಗಿ ಬಣ್ಣ ಬಿಡುತ್ತಾಳೆ. ಬಣ್ಣ ಅವಳನ್ನು ಬಿಡುವುದಿಲ್ಲ. ಅವಳು ಮತ್ತೆ ರಂಗಕ್ಕೆ ಹೋದದ್ದನ್ನು ಸಹಿಸದ ಗಂಡ ಮಗುವನ್ನೆತ್ತಿಕೊಂಡು ದೂರವಾಗುತ್ತಾನೆ. ವರ್ಷಗಳ ನಂತರ ಹೆಸರಾಂತ ನಟಿಯಾದ ಅವಳಿಗೆ ಒಬ್ಬ ತರುಣ ಮನಸೋಲುತ್ತಾನೆ; ಅವನು ತನ್ನದೇ ಮಗ ಎಂದು ಅವಳಿಗೆ ತಿಳಿಯುತ್ತದೆ. ಇಂಥ ಕಥೆಯನ್ನು ಕುಟುಂಬಗಳು ಕೂತು ನೋಡುವ ಹಾಗೆ ಮಾಡುವುದಕ್ಕೆ ಎಷ್ಟು ಧೈರ್ಯ, ಎಷ್ಟು ಹಿಡಿತ ಬೇಕು ಎಂದು ಯೋಚಿಸಿದರೆ ಈಗಲೂ ಬೆರಗಾಗುತ್ತದೆ. ಆರತಿಯವರ ಅತ್ಯುತ್ತಮ ಅಭಿನಯ ಇದೇ ಎಂದು ನನ್ನ ತೀರ್ಮಾನ.

ನಮ್ಮ ಕಡೆಯ ಹೆಂಗಸರು ಇದನ್ನು ಮೇಲೆ ಹಾಕಿ ಅಂದದ್ದು ಸುಮ್ಮನೆ ಅಲ್ಲ. ತುಮಕೂರು ಜಿಲ್ಲೆ ಎಂದರೆ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಜಿಲ್ಲೆ. ಕಂಪನಿ ನಾಟಕದ ಕ್ಯಾಂಪುಗಳ ನೆನಪು, ಬಣ್ಣ ಹಚ್ಚಿದ ಹೆಂಗಸರ ಬಗ್ಗೆ ಊರು ಆಡಿಕೊಂಡ ಮಾತುಗಳ ನೆನಪು ಅಜ್ಜಿಯರಿಂದ ಇಳಿದು ಬಂದಿದೆ. ರಾತ್ರಿ ನಾಟಕದಲ್ಲಿ ದ್ರೌಪದಿ ಮಾಡಿದವಳಿಗೆ ಕೈ ಮುಗಿದ ಜನವೇ ಬೆಳಗ್ಗೆ ಅವಳಿಗೆ ಮನೆ ಬಾಡಿಗೆ ಕೊಡುವುದಿಲ್ಲ. ಮೂಡಲಪಾಯದ ಬಯಲಾಟದಲ್ಲಂತೂ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡಿಕೊಂಡು ಬಂದರು. ಹೆಣ್ಣು ಕುಣಿಯುವುದು ಮರ್ಯಾದೆಯಲ್ಲ ಎಂಬುದೇ ಅದರ ಹಿಂದಿನ ಲೆಕ್ಕ. ಹೆಣ್ಣು ತನಗೆ ಬೇಕಾದ ಕೆಲಸ ಮಾಡಿದರೆ ಏನೇನು ಕಳೆದುಕೊಳ್ಳುತ್ತಾಳೆ ಎಂಬುದನ್ನು ‘ರಂಗನಾಯಕಿ’ ಒಂದೊಂದಾಗಿ ತೋರಿಸುತ್ತದೆ: ಗಂಡ, ಮಗು, ಕೊನೆಗೆ ಜೀವ. ಹೊಲಿಗೆ ಕ್ಲಾಸಿಗೆ, ಅಂಗನವಾಡಿ ಕೆಲಸಕ್ಕೆ, ಕಾಲೇಜಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಒಮ್ಮೆಯಾದರೂ ಜಗಳವಾಡಿದ ಹೆಂಗಸಿಗೆ ಈ ಚಿತ್ರದ ಸ್ಥಾನ ಎಲ್ಲಿ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಪಟ್ಟಿಯ ಮೊದಲ ನಾಲ್ಕನ್ನು ಒಟ್ಟಿಗೆ ನೋಡಿ. ಗಂಡುಮಕ್ಕಳು ಬಂಡೆ ಹತ್ತುವ, ಧಣಿಯನ್ನು ಎದುರಿಸುವ ಚಿತ್ರಗಳು ಒಂದು ಮತ್ತು ಮೂರು. ಹೆಣ್ಣುಮಕ್ಕಳು ಮನೆಯೊಳಗೆ ಕುಸಿಯುವ ಚಿತ್ರಗಳು ಎರಡು ಮತ್ತು ನಾಲ್ಕು. ನಿರ್ದೇಶಕ ಪುಟ್ಟಣ್ಣ ತಮ್ಮ ಆಯುಷ್ಯದ ಹೆಚ್ಚಿನ ಭಾಗ ದುಡಿದದ್ದು ಈ ಎರಡನೆಯ ಬಗೆಯ ಚಿತ್ರಗಳಿಗೆ. ಅವರ ಹೆಸರಿನಲ್ಲಿ ಮಾಡಿದ ಪಟ್ಟಿಯಲ್ಲಿ ಅವರ ಮುಖ್ಯ ಕೆಲಸ ಒಂದೊಂದು ಮೆಟ್ಟಿಲು ಕೆಳಗೆ ಕೂತಿದೆ.

“ಐದು: ಗೆಜ್ಜೆಪೂಜೆ, ಬೆಳ್ಳಿಮೋಡ. ಎರಡೂ ಕಲ್ಪನಾದು, ಅದ್ಕೆ ಒಂದೇ ಜಾಗ.”

ನಟಿ ಒಬ್ಬರೇ ಎಂದು ಎರಡನ್ನೂ ಒಂದೇ ಮಣೆಯ ಮೇಲೆ ಕೂರಿಸಿದ್ದು ಸರಿಯಲ್ಲ. ಇವೆರಡೂ ಒಂದಕ್ಕೊಂದು ಎದುರು ನಿಲ್ಲುವ ಚಿತ್ರಗಳು.

‘ಗೆಜ್ಜೆಪೂಜೆ’ 1969ರದು, ಎಂ.ಕೆ. ಇಂದಿರಾ ಅವರ ಕಥೆ. ವೇಶ್ಯೆಯರ ಮನೆಯಲ್ಲಿ ಹುಟ್ಟಿದ ಚಂದ್ರಾ ಓದಿ, ಮದುವೆಯಾಗಿ, ಎಲ್ಲರ ಹಾಗೆ ಬಾಳಬೇಕೆಂದು ಬಯಸುತ್ತಾಳೆ. ಸುತ್ತಲಿನ ಮರ್ಯಾದಸ್ಥರ ಬೀದಿ ಅವಳನ್ನು ಹತ್ತಿರ ಸೇರಿಸಿದಂತೆ ಮಾಡಿ, ಬೇಕಾದ ಗಳಿಗೆಯಲ್ಲಿ ಕೈಬಿಡುತ್ತದೆ. ಅವಳು ಸಾಯುತ್ತಾಳೆ. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ಕರ್ನಾಟಕ ಕಾನೂನು ಮಾಡಿ ನಿಷೇಧಿಸಿದ್ದು 1982ರಲ್ಲಿ. ಅದಕ್ಕೆ 13 ವರ್ಷ ಮೊದಲು, ಇದೇ ನೋವಿನ ನೆರೆಯ ಕಥೆಯನ್ನು ತೆರೆಗೆ ತಂದ ಚಿತ್ರ ಇದು.

‘ಬೆಳ್ಳಿಮೋಡ’ ತ್ರಿವೇಣಿಯವರದು, 1967. ಎಸ್ಟೇಟ್ ಒಡೆಯರ ಒಬ್ಬಳೇ ಮಗಳು ಇಂದಿರಾ. ಅವಳ ತಂದೆಯ ದುಡ್ಡಿನಲ್ಲಿ ಹೊರದೇಶಕ್ಕೆ ಹೋಗಿ ಓದಿ ಬಂದ ಮೋಹನ ಅವಳನ್ನು ಮದುವೆಯಾಗಬೇಕಿತ್ತು. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಅವಳ ಪಾಲಿಗೆ ಬರುವುದಿಲ್ಲ ಎಂದು ತಿಳಿದ ಕೂಡಲೇ ಮೋಹನ ಹಿಂಜರಿಯುತ್ತಾನೆ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಅವಳೇ ಶುಶ್ರೂಷೆ ಮಾಡುತ್ತಾಳೆ. ಅವನಿಗೆ ಬುದ್ಧಿ ಬಂದು ಮದುವೆಯ ಮಾತೆತ್ತುತ್ತಾನೆ. ಅಂದಿನ ಯಾವ ಚಿತ್ರವಾದರೂ ಇಲ್ಲಿ ಓಲಗ ಊದಿಸುತ್ತಿತ್ತು. ಇಂದಿರಾ ಆಗುವುದಿಲ್ಲ ಎನ್ನುತ್ತಾಳೆ. ಸೇಡಿಲ್ಲ, ಕೂಗಾಟವಿಲ್ಲ, ಉಪಚಾರ ಮಾಡಿದ್ದು ಮನುಷ್ಯತ್ವಕ್ಕೆ, ಮದುವೆ ಬೇರೆ ಮಾತು. ವರದಕ್ಷಿಣೆಯ ಲೆಕ್ಕ ಮುಗಿದ ಮೇಲೂ ಹುಡುಗನ ಕಡೆಯವರಿಗೆ ಇಲ್ಲ ಎನ್ನಲು ಹೆಣ್ಣಿನ ಮನೆಯವರು ಹೆದರುವ ನಾಡಿನಲ್ಲಿ ಆ ನಿರಾಕರಣೆಗೆ ಇಂದಿಗೂ ಹೊಳಪಿದೆ. ಪುಟ್ಟಣ್ಣನವರ ಮೊದಲ ಕನ್ನಡ ಚಿತ್ರದಲ್ಲೇ ನಾಯಕಿ ಸೋಲದೆ, ಸಾಯದೆ, ತನ್ನ ಕಾಲ ಮೇಲೆ ನಿಂತಿದ್ದಳು ಎಂಬುದನ್ನು ಮರೆಯಬಾರದು.

“ಆರು: ಎಡಕಲ್ಲು ಗುಡ್ಡದ ಮೇಲೆ. ಮನೆಯೋರ ಜತೆ ಕೂತು ನೋಡೋದಲ್ಲ.”

1973ರ ಚಿತ್ರ, ಭಾರತೀಸುತರ ಕಾದಂಬರಿ. ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕನ ಹೆಂಡತಿ ಮಾಧವಿಯ ದೇಹದ ಹಸಿವು ಇದರ ವಸ್ತು. ಮನೆಯವರ ಜೊತೆ ನೋಡಲು ಮುಜುಗರವಾಗುವುದು ಅಲ್ಲಿ ತೋರಿಸಿದ ದೃಶ್ಯಗಳಿಂದಲ್ಲ. ಹೆಂಗಸಿಗೂ ಆಸೆ ಇರುತ್ತದೆ ಎಂಬ ಮಾತಿನಿಂದ. ಜಯಂತಿಯವರು ಅಸಾಧ್ಯ ಸಂಯಮದಿಂದ ಅದನ್ನು ನಿಭಾಯಿಸಿದ್ದಾರೆ. ಹಿಂದಿನ ವರ್ಷ ಓಬವ್ವನಾಗಿ ಕಂಡ ನಟಿಯೇ ಇವರು.

“ಏಳು: ಕಥಾಸಂಗಮ. ರಜನಿಕಾಂತ್ ಅವ್ರೆ.”

ಹೌದು, 1976ರ ಈ ಚಿತ್ರ ರಜನಿಕಾಂತರ ಮೊದಲ ಕನ್ನಡ ಚಿತ್ರ. ಆದರೆ ಮೂರು ಸಣ್ಣಕಥೆಗಳನ್ನು ಮೂರು ಬಿಡಿ ಚಿತ್ರಗಳಾಗಿ ಒಂದೇ ಟಿಕೆಟ್ಟಿಗೆ ಕೊಟ್ಟದ್ದು ಅದಕ್ಕಿಂತ ದೊಡ್ಡ ಸುದ್ದಿ. ಗಿರಡ್ಡಿ ಗೋವಿಂದರಾಜರ ‘ಹಂಗು’, ವೀಣಾ ಯಲಬುರ್ಗಿಯವರ ‘ಅತಿಥಿ’, ಈಶ್ವರಚಂದ್ರರ ‘ಮುನಿತಾಯಿ’. ಕಣ್ಣು ಕಾಣದ ಮುನಿತಾಯಿಗಾಗಿಯಾದರೂ ನೋಡಬೇಕು.

“ಸಾಕ್ಷಾತ್ಕಾರ, ಉಪಾಸನೆ, ಶುಭಮಂಗಳ, ಮಾನಸ ಸರೋವರ. ಹಾಡಿಗೋಸ್ಕರ.”

ಹಾಡಿಗೋಸ್ಕರ ಎಂದರೆ ಸಾಲದು, ಆದರೆ ತಪ್ಪೇನೂ ಅಲ್ಲ. ಹೊಲದಲ್ಲಿ ಕಡಲೆಕಾಯಿ ಬಿಡಿಸುವಾಗ ರೇಡಿಯೋದಲ್ಲಿ ಬಂದ ಹಾಡಿನಿಂದಲೇ ಚಿತ್ರದ ಹೆಸರು ತಿಳಿದವರು ಬರೆದ ಸಾಲು ಇದು.

“ಬರಗೂರು ಮೇಷ್ಟ್ರು ನಮ್ಮೋರು. ಅವ್ರುದು ಬ್ಯಾರೆ ಪಟ್ಟಿ.”

ಬರಗೂರು ರಾಮಚಂದ್ರಪ್ಪನವರ ಹುಟ್ಟೂರು ಶಿರಾ ತಾಲ್ಲೂಕಿನ ಬರಗೂರು. ‘ಒಂದು ಊರಿನ ಕಥೆ’ಯಿಂದ ಶುರುಮಾಡಿ, ಒಬ್ಬರೇ ಪಾತ್ರಧಾರಿಯ ‘ಶಾಂತಿ’ಯವರೆಗೆ, ಆಮೇಲೆ ಜನ್ನನ ಕಾವ್ಯದಿಂದ ಎತ್ತಿದ ‘ಅಮೃತಮತಿ’ಯವರೆಗೆ ಅವರ ದಾರಿ ಬೇರೆ. ಊರಿನವರೆಂಬ ಪ್ರೀತಿಗೆ ಅವರನ್ನು ಪುಟ್ಟಣ್ಣನವರ ಜೊತೆ ತಕ್ಕಡಿಗೆ ಹಾಕದೆ ಬೇರೆ ಪಟ್ಟಿ ಎಂದದ್ದು ಇಬ್ಬರಿಗೂ ಕೊಟ್ಟ ಮರ್ಯಾದೆ. ಆ ಪಟ್ಟಿಯನ್ನೂ ಇವರು ಬೇಗ ಬರೆಯಲಿ.

“ಮಿಯಾಜಾಕಿ: ಒಂದು ಸ್ಪಿರಿಟೆಡ್ ಅವೇ, ಎರಡು ಪ್ರಿನ್ಸೆಸ್ ಮೊನೊನೊಕೆ, ಮೂರು ಟೊಟೊರೊ. ಎಲ್ಲದರಲ್ಲೂ ಹುಡುಗಿ ಗೆಲ್ತಾಳೆ.”

ಇದು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿದೆ. ಗುಂಪಿನ ಹಿರಿಯರೊಬ್ಬರ ಮೊಮ್ಮಗಳು ಬರೆದದ್ದು. ಹಿಂಬದಿಯದೆಂದು ಬಿಟ್ಟುಬಿಡುವುದು ಸುಲಭವಿತ್ತು. ನನಗೆ ಇದು ಪಟ್ಟಿಯ ಮುಖ್ಯ ಸಾಲುಗಳಲ್ಲಿ ಒಂದು.

ಹಯಾವೊ ಮಿಯಾಜಾಕಿ ಜಪಾನಿನ ಅನಿಮೆ ನಿರ್ದೇಶಕ, 1941ರಲ್ಲಿ ಹುಟ್ಟಿದವರು. ಅವರೂ ಗೆಳೆಯರೂ ಸ್ಟುಡಿಯೋ ಘಿಬ್ಲಿ ಕಟ್ಟಿದ್ದು 1985ರ ಜೂನ್‌ನಲ್ಲಿ, ಪುಟ್ಟಣ್ಣ ತೀರಿಕೊಂಡ ತಿಂಗಳಲ್ಲೇ. 1979ರಿಂದ 2023ರವರೆಗೆ ಮಿಯಾಜಾಕಿ ನಿರ್ದೇಶಿಸಿದ ಪೂರ್ಣಾವಧಿ ಚಿತ್ರಗಳು 12. ಲೋಕದ ತುಂಬ ಇರುವ ಅವರ ಅಭಿಮಾನಿಗಳು ಆ 12ನ್ನು ಮೇಲೆ ಕೆಳಗೆ ಮಾಡುತ್ತಲೇ ಇರುತ್ತಾರೆ. 2001ರ ‘ಸ್ಪಿರಿಟೆಡ್ ಅವೇ’ಗೆ ಆಸ್ಕರ್ ಬಂತು, ಅದೇ ಹಲವರ ಪಟ್ಟಿಯ ತುದಿ. ಅದರಲ್ಲಿ ಹತ್ತು ವರ್ಷದ ಚಿಹಿರೊ ಅಪ್ಪ ಅಮ್ಮನನ್ನು ಕಳೆದುಕೊಂಡು, ದೈವಗಳು ಮೀಯಲು ಬರುವ ಒಂದು ದೊಡ್ಡ ಸ್ನಾನದ ಮನೆಯಲ್ಲಿ ಆಳಾಗಿ ಸೇರುತ್ತಾಳೆ. ಒಡತಿ ಅವಳ ಹೆಸರನ್ನೇ ಕಿತ್ತುಕೊಳ್ಳುತ್ತಾಳೆ. ಹುಡುಗಿ ನೆಲ ಒರೆಸುತ್ತಾಳೆ, ತೊಟ್ಟಿ ಉಜ್ಜುತ್ತಾಳೆ, ಹೆದರುತ್ತಾಳೆ, ಕೆಲಸ ಕಲಿಯುತ್ತಾಳೆ, ಕೊನೆಗೆ ಹೆಸರನ್ನೂ ಹೆತ್ತವರನ್ನೂ ಬಿಡಿಸಿಕೊಂಡು ಹೊರಡುತ್ತಾಳೆ.

ಎಲ್ಲದರಲ್ಲೂ ಗೆಲ್ಲುತ್ತಾಳೆ ಎಂಬ ಮಾತಿಗೆ ಸಣ್ಣ ತಿದ್ದುಪಡಿ ಬೇಕು. 1997ರ ‘ಮೊನೊನೊಕೆ’ಯಲ್ಲಿ ತೋಳಗಳು ಸಾಕಿದ ಸ್ಯಾನ್ ಕಾಡಿಗಾಗಿ ಹೋರಾಡುತ್ತಾಳೆ, ಆದರೆ ಕಾಡು ಮೊದಲಿನಂತೆ ಉಳಿಯುವುದಿಲ್ಲ, ಅವಳು ಮನುಷ್ಯರನ್ನು ಕ್ಷಮಿಸುವುದೂ ಇಲ್ಲ. 1988ರ ‘ಟೊಟೊರೊ’ದಲ್ಲಿ ಗೆಲ್ಲಲು ಶತ್ರುವೇ ಇಲ್ಲ, ಅಮ್ಮ ಆಸ್ಪತ್ರೆಯಲ್ಲಿರುವ ಇಬ್ಬರು ಅಕ್ಕತಂಗಿಯರು ಹಳ್ಳಿಮನೆಯಲ್ಲಿ ಕಳೆದ ದಿನಗಳು ಅಷ್ಟೇ. ಹುಡುಗಿ ಹೇಳಬಯಸಿದ್ದು ಇದು: ಅವರ ಚಿತ್ರಗಳಲ್ಲಿ ಹುಡುಗಿಯರು ಮುರಿದು ಬೀಳುವುದಿಲ್ಲ.

ಹಿರಿಯರ ಜೊತೆ ಕೂತು ಶರಪಂಜರ, ಗೆಜ್ಜೆಪೂಜೆ, ರಂಗನಾಯಕಿ ನೋಡಿದ ಆ ಹುಡುಗಿ, “ತಾತ, ಇವರ ಹೀರೋಯಿನ್‌ಗಳೆಲ್ಲ ಯಾಕೆ ಸಾಯ್ತಾರೆ, ಇಲ್ಲಾಂದ್ರೆ ಹುಚ್ಚಿ ಆಗ್ತಾರೆ?” ಎಂದು ಕೇಳಿದಳಂತೆ. ಇದು ಪುಟ್ಟಣ್ಣನವರಿಗೆ ಕೇಳಲೇಬೇಕಾದ ಪ್ರಶ್ನೆ. ಅವರು ಬದುಕಿದ್ದಾಗಲೂ ಕೇಳಿದವರಿದ್ದರು. ನನಗೆ ತೋಚುವ ಉತ್ತರ ಇಷ್ಟು. ಮಿಯಾಜಾಕಿ ಹುಡುಗಿಯರಿಗೆ ಬಾಗಿಲಿರುವ ಲೋಕವನ್ನು ಕೈಯಿಂದ ಬರೆದು ಕೊಟ್ಟರು. ಪುಟ್ಟಣ್ಣ ಬಾಗಿಲು ಹಾಕಿದ್ದ ಮನೆಗಳ ಒಳಗೇ ಕ್ಯಾಮೆರಾ ಇಟ್ಟರು, ಬಾಗಿಲು ಇದೆ ಎಂದು ಸುಳ್ಳು ಹೇಳಲಿಲ್ಲ. ಆದರೂ ಸಾವನ್ನೇ ಮತ್ತೆ ಮತ್ತೆ ಮುಕ್ತಾಯವಾಗಿ ಆರಿಸಿಕೊಂಡದ್ದರಿಂದ, ನೋಡಿದವರು ಕಣ್ಣೊರೆಸಿಕೊಂಡು ಪಾಪ ಅಂದು ಎದ್ದುಹೋಗಲು ದಾರಿಯಾಯಿತು ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಅದಕ್ಕೇ ಆ ಹುಡುಗಿಗೆ ಮೊದಲು ತೋರಿಸಬೇಕಾದದ್ದು ಐದನೆಯ ಸಾಲಿನಲ್ಲಿ ಅರ್ಧ ಜಾಗ ಪಡೆದ ‘ಬೆಳ್ಳಿಮೋಡ’. ಇಂದಿರಾ ಇಲ್ಲ ಎನ್ನುವುದನ್ನು ನೋಡಿದವಳು ಕಾವೇರಿಗೆ ಆ ಅವಕಾಶ ಯಾಕೆ ಸಿಗಲಿಲ್ಲ ಎಂದು ಕೇಳಿಯೇ ಕೇಳುತ್ತಾಳೆ.

ಇಷ್ಟು ಹೇಳಿದ ಮೇಲೆ ನನ್ನ ಕ್ರಮವನ್ನೂ ಹೇಳಿಬಿಡುತ್ತೇನೆ: ಶರಪಂಜರ, ರಂಗನಾಯಕಿ, ಬೆಳ್ಳಿಮೋಡ, ನಾಗರಹಾವು, ಗೆಜ್ಜೆಪೂಜೆ. ಆಮೇಲಿನವು ಹೇಗಿದ್ದರೂ ನಡೆಯುತ್ತದೆ.

“ಮಿಕ್ಕಿದ್ದು ನೋಡಿಲ್ಲ. ಅದ್ಕೆ ಹಾಕಿಲ್ಲ.”

ಹಾಳೆಯ ಮುಂಬದಿಯ ಕೊನೆಯ ಸಾಲು. ನೋಡದೆ ಅಂಕ ಕೊಡುವುದಿಲ್ಲ ಎಂಬ ನಿಯಮ ಒಳ್ಳೆಯದು. ಮಿಯಾಜಾಕಿಯ 12 ಚಿತ್ರಗಳನ್ನೂ ಇವತ್ತು ಕೂತಲ್ಲೇ ಹೊಳೆಯುವ ಪ್ರತಿಯಲ್ಲಿ ನೋಡಬಹುದು. ಪುಟ್ಟಣ್ಣನವರ ಚಿತ್ರಗಳಲ್ಲಿ ‘ನಾಗರಹಾವು’ ಪಡೆದ ಆರೈಕೆ ಎಲ್ಲಕ್ಕೂ ಸಿಕ್ಕಿಲ್ಲ. ಸಿಗುವ ಕೆಲವು ಪ್ರತಿಗಳಲ್ಲಿ ಮುಖ ಮಸುಕು, ಮಾತು ಗೊರಗೊರ. ‘ಧರ್ಮಸೆರೆ’, ‘ಬಿಳೀ ಹೆಂಡ್ತಿ’, ಅನುಪಮಾ ನಿರಂಜನರ ಕಾದಂಬರಿಯ ‘ಋಣಮುಕ್ತಳು’ ಪಟ್ಟಿಯ ಹೊರಗೆ ಉಳಿದದ್ದು ಕಳಪೆ ಎಂದಲ್ಲ, ಕಣ್ಣಿಗೆ ಬೀಳಲಿಲ್ಲ ಎಂದು.

ಹೊರಗುಳಿದವುಗಳಲ್ಲಿ ಒಂದನ್ನು ಹುಡುಕಿ ನೋಡಿ ಎಂದು ಈ ಗೆಳೆಯರಿಗೆ ಒತ್ತಾಯ ಮಾಡುತ್ತೇನೆ: ‘ಮಸಣದ ಹೂವು’, 1985. ಪುಟ್ಟಣ್ಣನವರ ಕೊನೆಯ ಕೆಲಸ. ಅವರು ತೀರಿಕೊಂಡ ಮೇಲೆ ಕೆ.ಎಸ್.ಎಲ್. ಸ್ವಾಮಿ ಅದನ್ನು ಮುಗಿಸಿದರು. ಮುಂದೆ ಕನ್ನಡದ ಮನೆಮನೆಗೆ ದನಿಯಾದ ಅಪರ್ಣಾ ಅವರ ಮೊದಲ ಚಿತ್ರವೂ ಹೌದು. ಕಥೆ ಮತ್ತೆ ತ.ರಾ.ಸು. ಅವರದೇ. ‘ನಾಗರಹಾವು’ ಕಂಡು ನೊಂದ ಲೇಖಕರ ಕೃತಿಗೇ ನಿರ್ದೇಶಕರು ಕೊನೆಯಲ್ಲಿ ಮರಳಿದ್ದರು. ಚಿತ್ರ ಬರುವ ಹೊತ್ತಿಗೆ ತ.ರಾ.ಸು. ಇರಲಿಲ್ಲ, 1984ರಲ್ಲಿ ಹೋಗಿದ್ದರು. ವಸ್ತು ಮೈ ಮಾರುವ ಹೆಂಗಸರ ಬದುಕು. 1969ರ ಚಂದ್ರಾ, 1972ರ ಅಲಮೇಲು, 1985ರ ಈ ಹೆಂಗಸರು, ಮೂರನ್ನೂ ಒಂದಾದ ಮೇಲೆ ಒಂದು ನೋಡಿದರೆ ಒಬ್ಬ ನಿರ್ದೇಶಕ 16 ವರ್ಷ ಬಿಡದೆ ಹಿಡಿದ ಎಳೆ ಕೈಗೆ ಸಿಗುತ್ತದೆ. ಸಾಧ್ಯವಾದರೆ ಹೆಂಗಸರನ್ನೂ ಆ ಹುಡುಗಿಯನ್ನೂ ಜೊತೆಗೆ ಕೂರಿಸಿಕೊಂಡು ನೋಡಲಿ, ಮುಂದಿನ ಪಟ್ಟಿ ಬರೆಯುವಾಗ ಪೆನ್ನನ್ನು ಅವರ ಕೈಗೂ ಕೊಡಲಿ.